ಎಡಗೈ ಎತ್ತಿದವರು

ನಮ್ಮ ಕಡೆ ಫಾರಿನ್ ಎಂದರೆ ದುಬೈ, ಸೌದಿ, ಹೆಚ್ಚೆಂದರೆ ಮಸ್ಕತ್. ಅದರಾಚೆಗೆ ಭೂಗೋಳವೇ ಇಲ್ಲ. ಹೀಗಿರುವಾಗ ಲಾಯಿಲದ ರಶೀನಾ ಟೀಚರ್ ಇಂಗ್ಲಿಷ್ ಕಲಿಸಲು ವಿಯೆಟ್ನಾಮಿಗೆ ಹೊರಡುವ ಯೋಚನೆಯಲ್ಲಿದ್ದಾಳೆ ಎಂಬ ಸುದ್ದಿ, ವೇಣೂರಿನ ಬಸ್ಸು ಒಂದು ಸಲ ಹೋಗಿ ಬರುವಷ್ಟರಲ್ಲಿ ಅರ್ಧ ಊರಿಗೆ ಹಬ್ಬಿತು. "ಅಲ್ಲಿ ನಮ್ಮವರು ಯಾರುಂಟು ಮಾರಾಯ್ರೆ?" ಎಂದು ಕೇಳಿದವರೇ ಎಲ್ಲರೂ. ಯಾರೂ ಇರಲಿಲ್ಲ. ಅವಳಿಗಿದ್ದ ಹೆದರಿಕೆಯೂ ಅದೇ.

ಆದರೆ ಇಲ್ಲಿ ಉಳಿಯುವುದಾದರೂ ಯಾವ ಧೈರ್ಯದ ಮೇಲೆ? ವೇಣೂರಿನಿಂದ ಒಳಗೆ ಹೋದರೆ ಸಿಗುವ ಒಂದು ಕನ್ನಡ ಶಾಲೆಯಲ್ಲಿ ಅವಳು ಗೌರವ ಶಿಕ್ಷಕಿ. ಗೌರವವೆಲ್ಲ ಹೆಸರಿನಲ್ಲೇ ಮುಗಿಯಿತು. ಏಪ್ರಿಲ್‌ನಲ್ಲಿ ಮನೆಗೆ ಕಳಿಸುತ್ತಾರೆ. ಜೂನ್‌ನಲ್ಲಿ ಪುನಃ ಕರೆಯುತ್ತಾರೋ ಇಲ್ಲವೋ ಎಂದು ಫೋನನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಬೇಕು. ಹಾಗೆ ಕಾಯುತ್ತ ಕಾಯುತ್ತ ಅವಳ ಪ್ರಾಯ ಮೂವತ್ತು ದಾಟಿತ್ತು. ಯಾರೋ ಕರೆದರೆ ಮಾತ್ರ ತಾನು ಟೀಚರ್, ಕರೆಯದಿದ್ದರೆ ಏನೂ ಅಲ್ಲ ಎಂಬ ಬದುಕು ಅವಳಿಗೆ ಸಾಕಾಗಿಹೋಗಿತ್ತು.

ಮೂಡುಬಿದಿರೆಯಲ್ಲಿ ವಿದೇಶದ ಕೆಲಸ ಹುಡುಕಿಕೊಡುವ ಜಿತೇಶ್ ಮುಚ್ಚುಮರೆ ಮಾಡಲಿಲ್ಲ. "ಸತ್ಯ ಹೇಳ್ತೇನೆ ಟೀಚರ್, ಬೇಜಾರು ಮಾಡ್ಬೇಡಿ. ಹೆಚ್ಚಿನವರಿಗೆ ಇಂಗ್ಲಿಷ್ ಟೀಚರ್ ಅಂದ್ರೆ ಬಿಳಿ ತೊಗಲೇ ಆಗಬೇಕು. ಹನೋಯಿಯ ಈ ಒಂದು ಶಾಲೆಯವರು ಮಾತ್ರ ಮುಖ ನೋಡುವುದಿಲ್ಲ, ಪಾಠ ನೋಡ್ತೇವೆ ಅಂದಿದ್ದಾರೆ. ನಿಮ್ಮ ಕ್ಲಾಸನ್ನೇ ಅವರಿಗೆ ಫೋನಿನಲ್ಲಿ ತೋರಿಸ್ಬೇಕು. ಪೂರ್ತಿ ಇಂಗ್ಲಿಷಿನಲ್ಲೇ. ಇದು ತಪ್ಪಿದ್ರೆ ಇನ್ನೊಂದು ನನ್ನ ಹತ್ತಿರ ಇಲ್ಲ."

ರಶೀನಾ ಮನೆಗೆ ಬಂದು ಉಮ್ಮನಿಗೆ ಹೇಳಿದಳು. ತಾಯಿ ಸೈನಬ ಬಂಗುಡೆ ಮೀನಿಗೆ ಮಸಾಲೆ ಹಚ್ಚುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ನಿನ್ನ ಬಾಪ ಗಲ್ಫಿಗೆ ಹೋದರು, ನಿನ್ನ ಅಣ್ಣ ಸುಹೈಬ್ ಹೋದ. ಹೋಗಲಾ ಅಂತ ನನ್ನನ್ನು ಒಬ್ಬರೂ ಕೇಳ್ಲಿಲ್ಲ. ಬ್ಯಾಗ್ ಕಟ್ಟಿದ ಮೇಲೆ ಹೇಳಿದ್ದು. ನೀನೊಬ್ಬಳು ಕೇಳಿದಿ" ಎಂದರು. ಆಮೇಲೆ ಬೆನ್ನು ತಿರುಗಿಸಿ, "ಹೋಗು ಮಗಳೇ" ಎಂದರು. ಅವರು ಅತ್ತದ್ದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಹೆಡ್ಮಾಸ್ಟರ್ ಸುಧಾಕರ ಮಾಸ್ಟ್ರು ಕ್ಲಾಸ್ ತೋರಿಸಲು ಒಪ್ಪಿದರು. "ನಿಮ್ಮನ್ನು ಖಾಯಂ ಮಾಡಿಸ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಇದಕ್ಕೂ ಅಡ್ಡ ಬಂದ್ರೆ ದೇವರು ಮೆಚ್ಚುವುದಿಲ್ಲ. ಆದ್ರೆ ಈ ಮಕ್ಕಳಿಗೆ ಇನ್ನೊಬ್ಬ ಇಂಗ್ಲಿಷ್ ಟೀಚರನ್ನು ನಾನು ಎಲ್ಲಿಂದ ತರಲಿ ಹೇಳಿ?" ಎಂದವರು ಉತ್ತರಕ್ಕೆ ಕಾಯದೆ ಬೆಲ್ ಹೊಡೆಸಲು ಹೋದರು.

ಈಗ ಒಂದು ಗುಟ್ಟು ಹೇಳಬೇಕು. ಇನ್ಸ್‌ಪೆಕ್ಷನ್ ಎಂದರೆ ನಡುಗುವ ಕೆಲವು ಮೇಷ್ಟ್ರುಗಳಿಗೆ ಮಾತ್ರ ಗೊತ್ತಿರುವ ಗುಟ್ಟು ಇದು. ಸಾಹೇಬರು ಬಂದ ದಿನ ಟೀಚರ್ ಪ್ರಶ್ನೆ ಕೇಳಿದ ಕೂಡಲೇ ಮಕ್ಕಳೆಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಸಾಹೇಬರ ಕಣ್ಣಿಗೆ ಇಡೀ ಕ್ಲಾಸೇ ಜಾಣರ ಸಂತೆ! ಟೀಚರ್ ಬಲಗೈಯವರನ್ನು ಮಾತ್ರ ಕೇಳುತ್ತಾಳೆ. ಎಡಗೈ ಎಂದರೆ 'ನನಗೆ ಗೊತ್ತಿಲ್ಲ ಟೀಚರ್, ನನ್ನನ್ನು ಕೇಳಬೇಡಿ' ಎಂದರ್ಥ. ರಶೀನಾ ತನ್ನ ಐದನೇ ಕ್ಲಾಸಿನ ಮಕ್ಕಳಿಗೆ ಇದನ್ನು ಹೆಡ್ಮಾಸ್ಟರಿಗೂ ತಿಳಿಯದ ಹಾಗೆ ಯಾವತ್ತೋ ಕಲಿಸಿದ್ದಳು. "ಎಡಗೈಯವರನ್ನು ನಾನು ಕೇಳುವುದಿಲ್ಲ. ಮಾತು ಅಂದ್ರೆ ಮಾತು" ಎಂದು ಮಕ್ಕಳಿಗೆ ಭಾಷೆಯನ್ನೂ ಕೊಟ್ಟಿದ್ದಳು. ಇಷ್ಟರವರೆಗೆ ಒಮ್ಮೆಯೂ ತಪ್ಪಿರಲಿಲ್ಲ.

ಹನೋಯಿಗೂ ಅದನ್ನೇ ತೋರಿಸುವ ಎಂದುಕೊಂಡಳು. ಮೇಜಿನ ಮೇಲೆ ಡಸ್ಟರಿಗೆ ಒರಗಿಸಿದ ಫೋನಿನಲ್ಲಿ ಕನ್ನಡಕದ ಒಬ್ಬ ಮೇಡಂ ಮುಖ ಮೂಡಿತು. ಪಾಠ ಶುರುವಾಯಿತು. ಪ್ರಯಾಣದ ಮಾತುಗಳು: ಎಲ್ಲಿಗೆ ಹೋಗುತ್ತೀರಿ, ಹೇಗೆ ಹೋಗುತ್ತೀರಿ. ಪ್ರಶ್ನೆ ಕೇಳಿದರೆ ಕೈಗಳೆಲ್ಲ ಮೇಲೆ. ತರುಣ್ ಹೇಳಿದ, ಪ್ರಾಪ್ತಿ ಹೇಳಿದಳು. ಎಲ್ಲವೂ ಸುಸೂತ್ರ ನಡೆಯುತ್ತಿತ್ತು. ರಶೀನಾಳ ಎದೆಬಡಿತ ಆಗಷ್ಟೇ ಹದಕ್ಕೆ ಬರುತ್ತಿದ್ದಾಗ ಫೋನಿನ ಮೇಡಂ ಮಾತಾಡಿದರು. ಒಂದು ಪ್ರಶ್ನೆ ಕಿಟಕಿ ಪಕ್ಕದ ಆ ಹುಡುಗಿಗೆ ಕೇಳಿ, ಪಾಪ, ಆಗಿನಿಂದ ಕೈ ಎತ್ತಿಕೊಂಡೇ ಇದ್ದಾಳೆ ಎಂದರು.

ಯಾ ಅಲ್ಲಾ! ಕಿಟಕಿ ಪಕ್ಕದಲ್ಲಿದ್ದವಳು ಜಸ್ನಾ. ಎತ್ತಿದ್ದದ್ದು ಎಡಗೈ.

ಜಸ್ನಾ ಇಂಗ್ಲಿಷ್ ಪುಸ್ತಕ ಕಂಡರೆ ಬಾಯಿ ಹೊಲಿದುಕೊಳ್ಳುವ ಹುಡುಗಿ. ನೆಟ್‌ವರ್ಕ್ ಇಲ್ಲ ಎಂದು ಫೋನ್ ಕಟ್ ಮಾಡಬಹುದಿತ್ತು. ಈ ಊರಿನಲ್ಲಿ ಅದನ್ನು ಯಾರೂ ಸುಳ್ಳೆನ್ನುವುದಿಲ್ಲ. ಆದರೆ ಕಟ್ ಆದರೆ ಕೆಲಸವೂ ಕಟ್. ರಶೀನಾ ಫೋನಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಹೆಸರು ಹಿಡಿದು ಕರೆದಳು.

ಜಸ್ನಾ ಎದ್ದಳು. ಎತ್ತಿದ ಕೈ ಇಳಿಸುವುದನ್ನೂ ಮರೆತು ಟೀಚರ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, 'ನೀವು ಮಾತು ಕೊಟ್ಟಿದ್ದಿರಲ್ಲ' ಎಂಬುದಷ್ಟೇ ಇತ್ತು.

ಕನ್ನಡದಲ್ಲೋ ಮನೆಮಾತಾದ ಬ್ಯಾರಿಯಲ್ಲೋ ಒಂದು ಮಾತು ಹೇಳಿ ಧೈರ್ಯ ತುಂಬುವ ಹಾಗಿಲ್ಲ. ರಶೀನಾ ತನ್ನ ಕೈಚೀಲವನ್ನು ತಂದು ಜಸ್ನಾಳ ಕಂಕುಳಿಗೆ ಸಿಕ್ಕಿಸಿದಳು. ಬೆಂಚಿನ ತುದಿಯಲ್ಲಿ ಕೂತು ಬಸ್ಸಿನಲ್ಲಿ ಜೋಲಿ ಹೊಡೆಯುವವಳ ಹಾಗೆ ಅಲುಗಾಡಿದಳು. ಜಸ್ನಾಳ ಅಪ್ಪ ಮೂಸಬ್ಬ ಬಿ.ಸಿ.ರೋಡ್ ಬಸ್ಸಿನ ಕಂಡಕ್ಟರ್. ರಜೆ ದಿನ ಹುಡುಗಿ ಅಪ್ಪನ ಜೊತೆ ಮುಂದಿನ ಸೀಟಿನಲ್ಲಿ ಕೂತು ಹೋಗುವುದನ್ನು ರಶೀನಾ ಕಂಡದ್ದಿತ್ತು.

ಜಸ್ನಾ ಚೀಲ ನೋಡಿದಳು, ಟೀಚರನ್ನು ನೋಡಿದಳು. ಚೀಲವನ್ನು ಕಂಕುಳಲ್ಲಿ ಸರಿಮಾಡಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ಟಿಕೆಟ್, ಟಿಕೆಟ್" ಎಂದಳು. "ಮೇಡಂ, ವೇರ್ ಗೋಯಿಂಗ್?"

"ಬಿ.ಸಿ.ರೋಡ್."

"ನೋ ಸೀಟ್. ಸ್ಟ್ಯಾಂಡಿಂಗ್ ಓನ್ಲಿ. ಗೋ ಬ್ಯಾಕ್, ಗೋ ಬ್ಯಾಕ್!" ದನಿ ಏರುತ್ತಾ ಹೋಯಿತು. "ಚೇಂಜ್ ಪ್ಲೀಸ್. ನೋ ಚೇಂಜ್? ಗೆಟ್ ಡೌನ್!"

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಫೋನಿನ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಜಸ್ನಾ ಮಾತ್ರ ನಗಲಿಲ್ಲ, ಕಂಡಕ್ಟರ್ ನಗುವುದುಂಟೇ?

ವಾರದೊಳಗೆ ಜಿತೇಶನ ಫೋನ್ ಬಂತು. "ಟೀಚರ್, ಆಯ್ತು! ಗೊತ್ತಿಲ್ಲದ ಮಗುವಿನ ಬಾಯಿ ಬಿಡಿಸ್ಲಿಕ್ಕೆ ನಿಮಗೆ ಬರ್ತದಂತೆ. ಅವರಿಗೆ ಬೇಕಾದದ್ದು ಅದೇ ಅಂತೆ." ರಶೀನಾಳಿಗೆ ಕುಣಿಯಬೇಕೆನಿಸಿತು. ಕುಣಿಯಲು ಎದ್ದವಳು ಪುನಃ ಕುರ್ಚಿಯಲ್ಲೇ ಕೂತಳು. ತನಗೆ ಈ ಕೆಲಸ ಕೊಡಿಸಿದವಳು ಜಸ್ನಾ. ಅದೂ ತಾನು ಮಾತಿಗೆ ತಪ್ಪಿ ಎಬ್ಬಿಸಿ ನಿಲ್ಲಿಸಿದ ಜಸ್ನಾ. ಆ ದಿನದಿಂದ ಹುಡುಗಿ ದಿನಾ ಪಾಠ ಮುಗಿದ ಮೇಲೆ ಮೇಜಿನ ಹತ್ತಿರ ಬಂದು ಒಂದೊಂದು ಹೊಸ ಮಾತು ಕೇಳಿ ಕಲಿಯತೊಡಗಿದ್ದಳು. ಬಾಯಿ ಬಿಡಿಸಿ ಅರ್ಧದಲ್ಲಿ ಬಿಟ್ಟು ಹೋಗುವುದು ಎಂಥ ಟೀಚರಿಕೆ ಎಂದು ರಶೀನಾ ತನ್ನನ್ನೇ ಬೈದುಕೊಂಡಳು. ಹಾಗಂತ ಹೋಗುವುದಿಲ್ಲ ಎನ್ನುವ ಶಕ್ತಿಯೂ ಅವಳಲ್ಲಿರಲಿಲ್ಲ.

ಕೊನೆಯ ದಿನ ಐದನೇ ಕ್ಲಾಸಿನಲ್ಲೇ ಬೀಳ್ಕೊಡುಗೆ. ಸುಧಾಕರ ಮಾಸ್ಟ್ರು ಶಾಲು ಹೊದೆಸಿದರು, ನಾಲ್ಕು ಒಳ್ಳೆಯ ಮಾತಾಡಿದರು. ಮಕ್ಕಳೆಲ್ಲ ಮಂಕಾಗಿ ಕೂತದ್ದು ಕಂಡು ಅವರಿಗೆ ಸರಿ ಕಾಣಲಿಲ್ಲ.

"ಇದೆಂಥ ಸಪ್ಪೆ ಮುಖ? ನಮ್ಮ ಟೀಚರ್ ಫಾರಿನ್‌ಗೆ ಹೋಗುವುದು ಯಾರಿಗೆಲ್ಲ ಸಂತೋಷ? ಕೈ ಎತ್ತಿ ನೋಡುವ!"

ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಕಿಟಕಿ ಪಕ್ಕದಲ್ಲಿ ಜಸ್ನಾ ಕೈ ಎತ್ತಿದಳು. ಅವಳನ್ನು ನೋಡಿ ತರುಣ್ ಎತ್ತಿದ, ಪ್ರಾಪ್ತಿ ಎತ್ತಿದಳು. ಹಾಗೆ ಬೆಂಚಿನಿಂದ ಬೆಂಚಿಗೆ ಇಡೀ ಕ್ಲಾಸೇ ಕೈ ಎತ್ತಿತು.

"ಹಾಂ! ನೋಡಿ ಟೀಚರ್, ಒಬ್ಬರೂ ಬಾಕಿ ಇಲ್ಲ" ಎಂದು ಮಾಸ್ಟ್ರು ಸಂಭ್ರಮದಿಂದ ಚಪ್ಪಾಳೆ ತಟ್ಟಿದರು.

ಎಲ್ಲವೂ ಎಡಗೈಗಳೇ ಆಗಿದ್ದವು.

ರಶೀನಾ ಶಾಲಿನ ತುದಿಯನ್ನು ಬಿಗಿಯಾಗಿ ಹಿಡಿದು ನಿಂತಳು. ಕಣ್ಣು ತುಂಬಿ ಮುಂದಿನ ಬೆಂಚು ಕಾಣಲಿಲ್ಲ. ಕೇಳಬೇಕೆಂದುಕೊಂಡದ್ದು ಎಷ್ಟೋ ಇತ್ತು. ನನ್ನ ಮೇಲೆ ಸಿಟ್ಟುಂಟಾ, ನನ್ನನ್ನು ನೆನಪಿಟ್ಟುಕೊಳ್ತೀರಾ, ಜಸ್ನಾ, ನೀನು ಇಂಗ್ಲಿಷ್ ಬಿಡುವುದಿಲ್ಲ ಅಲ್ವಾ? ಆದರೆ ಎಡಗೈ ಎತ್ತಿದವರನ್ನು ಕೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು.

ಈ ಸಲ ಅವಳು ಯಾರನ್ನೂ ಕೇಳಲಿಲ್ಲ.