ಹಳ್ಳದ ದಂಡೆಯ ಮರಿಗಳು

ನಮ್ಮ ಸಿರುಗುಪ್ಪ ಸೀಮೆಯಲ್ಲಿ ನೆರೆ ಬರುವುದು ಡ್ಯಾಮಿನ ಗೇಟು ತೆಗೆದಾಗ ಮಾತ್ರ ಎಂದು ನಾವು ನಂಬಿಕೊಂಡವರು. ಮೇ ತಿಂಗಳಲ್ಲಿ, ಡ್ಯಾಮಿನ ತಳ ಕಾಣುತ್ತಿರುವಾಗ ಯಾರಾದರೂ ಪ್ರವಾಹ ಅಂದರೆ ನಗು ಬರುತ್ತದೆ. ನನಗೂ ಬಂತು.

ಅವತ್ತು ಬೆಳಿಗ್ಗೆ ಕುರಿಗಾರ ಕರಿಬಸವ ಮೊಬೈಲು ಹಿಡಿದುಕೊಂಡು ಮನೆಗೆ ಬಂದ. ಗೊಬ್ಬರಕ್ಕೆಂದು ನನ್ನ ಹೊಲದಲ್ಲಿ ಕುರಿ ತರುಬಿದ್ದ. ರಾತ್ರಿಗೊಂದು ಜಾಗದಂತೆ ಹಿಂಡು ಹೊಲದಲ್ಲೇ ಮಲಗಬೇಕು. ಹಟ್ಟಿ ಎಲ್ಲಿ ಹಾಕಬೇಕೆಂದು ಹೇಳುವವನು ಹೊಲದೊಡೆಯ. ಹಗಲು ಕುರಿಗಳು ಮೇಯಲು ಹೋದರೂ ಎಳೆಮರಿಗಳು ಬಲೆ ಕಟ್ಟಿದ ಹಟ್ಟಿಯಲ್ಲೇ ಉಳಿಯುತ್ತವೆ.

“ಬಳ್ಳಾರಿ, ಕುರುಗೋಡು, ಸಿರುಗುಪ್ಪಕ್ಕ ಗುಡುಗು ಮಳಿ ಐತಂತರಿ ಧಣಿ. ತಗ್ಗಿನಾಗ ನೀರು ನುಗ್ತೈತಿ ಅಂತ ಬರದಾರ. ಹಳ್ಳದ ದಂಡ್ಯಾಗಿನ ಮರಿ ಹಟ್ಟಿ ಕಾಲುವಿ ಏರಿ ಮ್ಯಾಲೆ ಹಾಕ್ಲೇನ್ರಿ?”

“ಡ್ಯಾಮಿನಾಗ ನೀರಿಲ್ಲ, ನೆರಿ ಎಲ್ಲಿಂದ ಬರತೈತಲೇ? ಮೊಬೈಲಿನವರು ಹೇಳಿದಂಗ ಮಳಿ ಬಂದಿದ್ರ ನಾವು ವರ್ಷಕ್ಕ ಮೂರು ಬೆಳಿ ತೆಗೀತಿದ್ವಿ. ಹಳ್ಳದ ದಂಡಿಗೆ ಇನ್ನೊಂದು ರಾತ್ರಿ ಗೊಬ್ಬರ ಬೀಳಬೇಕು. ಅಲ್ಲೇ ಇರಲಿ.”

ಅವನು ತಲೆಯಾಡಿಸಿ ಹೋದ. ನಿಜ ಹೇಳಬೇಕೆಂದರೆ, ನನ್ನನ್ನು ಆಡಿಸಿದ್ದು ಡ್ಯಾಮಿನ ಲೆಕ್ಕಾಚಾರವಲ್ಲ, ಇನ್ನೊಂದು ರಾತ್ರಿಯ ಗೊಬ್ಬರದ ಆಸೆ. ಅತಿ ಆಸೆ ಗತಿ ಕೇಡು ಎಂದು ಊರಿಗೆಲ್ಲ ಬುದ್ಧಿ ಹೇಳುವವನೂ ನಾನೇ.

ಮಧ್ಯಾಹ್ನ ಮೂರಕ್ಕೆ ಬಳ್ಳಾರಿಯ ಪಾರ್ವತಿನಗರದಿಂದ ಮಗಳು ಸೌಂದರ್ಯ ಫೋನ್ ಮಾಡಿದಳು. “ಅಪ್ಪಾ, ಇಲ್ಲಿ ಮಳಿ ಜಡಿಯಾಕತ್ತೈತಿ, ಬೀದ್ಯಾಗ ಮೊಣಕಾಲುದ್ದ ನೀರು. ಕುರುಗೋಡದಾಗೂ ಹಿಂಗ ಅಂತ.”

ನಮ್ಮೂರಲ್ಲಿ ಇನ್ನೂ ಬಿಸಿಲಿತ್ತು. ಕುರುಗೋಡಿನ ಕಡೆ ಮಾತ್ರ ಆಕಾಶ ಕಪ್ಪಿಟ್ಟು ಗುಡುಗುತ್ತಿತ್ತು. ನಮ್ಮ ಹಳ್ಳ ಹರಿದು ಬರುವುದು ಆ ಕಡೆಯಿಂದಲೇ. ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ ಆಗ ತಲೆಗೆ ಹೋಯಿತು. ಎದ್ದೆನೋ ಬಿದ್ದೆನೋ ಎಂದು ಓಡಿದೆ.

ಹೊಲ ಮುಟ್ಟುವಷ್ಟರಲ್ಲಿ ಹಳ್ಳ ದಂಡೆ ದಾಟಿತ್ತು. ಕರಿಬಸವ ಸೊಂಟದುದ್ದದ ರಾಡಿ ನೀರಿನಲ್ಲಿ ಎರಡೆರಡು ಮರಿ ಎತ್ತಿಕೊಂಡು ಏರಿಗೆ ಹತ್ತಿಸುತ್ತಿದ್ದ. ನಾನೂ ಇಳಿದೆ. ಮರಿಗಳನ್ನು ಎದೆಗವಚಿಕೊಂಡು ಎಷ್ಟು ಸಲ ಹತ್ತಿಳಿದೆನೋ ನೆನಪಿಲ್ಲ. ಕೊನೆಗೆ ಗೂಟ ಸಮೇತ ಬಲೆಯೇ ಕಿತ್ತುಕೊಂಡು ಹೋಯಿತು. ಅದರೊಳಗೆ ಇನ್ನೂ ಆರು ಮರಿಗಳಿದ್ದವು.

ಏರಿಯ ಮೇಲೆ ಕುಸಿದು ಕೂತು, “ತಪ್ಪಾತಲೇ ಕರಿಬಸವಾ” ಅಂದೆ.

“ನೀವು ಅಲ್ಲೇ ಇರ್ಲಿ ಅಂದ್ರಿ, ಇಟ್ಟೆರಿ” ಅಂದ. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಂಜೆ, ಮೇಯಿಸಲು ಹೋಗಿದ್ದ ಅವನ ಅಣ್ಣ ಹಿಂಡು ಹೊಡೆದುಕೊಂಡು ಏರಿಗೆ ಬಂದ. ತಾಯಿಕುರಿಗಳು ಕೂಗುತ್ತ ಬಂದು, ಮೂಸಿ ಮೂಸಿ ತಮ್ಮ ಮರಿಗಳನ್ನು ಹುಡುಕಿ ಹಾಲೂಡಿಸತೊಡಗಿದವು. ಒಂದು ಕುರಿ ಅಲ್ಲಿದ್ದ ಮರಿಗಳನ್ನೆಲ್ಲ ಮೂಸಿ ಮುಗಿಸಿ ನನ್ನ ಹತ್ತಿರ ಬಂತು. ಮರಿಗಳ ವಾಸನೆ ಹತ್ತಿದ್ದ ನನ್ನ ಒದ್ದೆ ಅಂಗಿಯನ್ನು ಮೂಸಿತು, ಇನ್ನೊಮ್ಮೆ ಮೂಸಿತು, ಮುಖ ನೋಡಿ ಕೂಗಿತು. ನನಗೆ ಅಳು ತಡೆಯಲಾಗಲಿಲ್ಲ. ಕರಿಬಸವನೇ ಎದ್ದು ಬಂದು ಅದನ್ನು ಮೆಲ್ಲಗೆ ಆಚೆ ಕರೆದುಕೊಂಡು ಹೋದ.