ಬೆಕ್ಕಿನ ಬೆನ್ನು ಸುಟ್ಟವರು

ನನ್ನ ಗಂಡ ವಿನಾಯಕನಿಗೆ ಬಾಯಿ ಜೋರು, ಕೈಯಲ್ಲ. ಮೈಸೂರಿನಲ್ಲಿ ಇದು ನೆಂಟರಿಗೆಲ್ಲ ಗೊತ್ತು. ಬಂಗಾಳದ ದಕ್ಷಿಣೇಶ್ವರದ ನಮ್ಮ ಫ್ಲಾಟುಗಳ ಹೌಸಿಂಗ್‌ನಲ್ಲಿ ಯಾರಿಗೂ ಗೊತ್ತಿಲ್ಲ. ಸ್ಕೂಟರ್ ಸೀಟು ಪರಚುವ ಬೆಕ್ಕುಗಳಿಗೆ ದಿನಾ ಬೆಳಿಗ್ಗೆ ಕನ್ನಡದಲ್ಲೇ ಮಂಗಳಾರತಿ ಮಾಡುತ್ತಿದ್ದ. ಮಾತು ಮನೆ ಕೆಡಿಸಿತು ಅಂತ ಸುಮ್ಮನೆ ಹೇಳುತ್ತಾರಾ? ಆ ಬೆಕ್ಕುಗಳ ಬೆನ್ನು ಸುಟ್ಟು ಚರ್ಮ ಎದ್ದಾಗ ಬಿಸಿನೀರು ಎರಚಿದ್ದು ಇವನೇ ಅಂತ ಎಲ್ಲರೂ ಬೆರಳು ತೋರಿಸಿದರು. ಕಾರ್ಯದರ್ಶಿ ವಿಶ್ವನಾಥ ಬಾಬು, "ಭಾನುವಾರ ಸಂಜೆ ಮೀಟಿಂಗ್. ಅಲ್ಲಿಂದ ನೇರ ಪೊಲೀಸ್ ಠಾಣೆ" ಅಂದರು.

ವಿನಾಯಕ ರೈಲ್ವೆ ನೌಕರ. ಕೇಸು ಬಿದ್ದರೆ ಕೆಲಸಕ್ಕೇ ಕುತ್ತು. "ನಾನು ಬಿಸಿನೀರು ಎರಚ್ತೀನೇನೇ ಪ್ರತೀಕ್ಷಾ? ನೀನಾದ್ರೂ ನಂಬಲ್ಲ ತಾನೆ?" ಅಂದ. ನಾನು ನಂಬಿರಲಿಲ್ಲ. ಮೂಕಪ್ರಾಣಿಗೆ ಹೀಗೆ ಮಾಡಿದವರು ಯಾರೋ, ಅವರ ಮೇಲೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಡಾಕ್ಟರ ಹತ್ತಿರ ಒಯ್ದೆ. ಅವರು ಮುಲಾಮು ಹಚ್ಚುವಾಗ ಗಾಯದ ಸುತ್ತಲಿನ ಕೂದಲು ನನ್ನ ಬೆರಳಿಗೆ ತಗುಲಿತು. ಗಂಜಿ ಹಾಕಿ ಒಣಗಿಸಿದ ಕಾಟನ್ ಸೀರೆಯ ಹಾಗೆ ಗರಿಗರಿ. ಇದು ನೀರಲ್ಲ, ಅನ್ನ ಬಸಿದ ಗಂಜಿ! ನಮ್ಮನೆಯಲ್ಲಿ ಅನ್ನ ಆಗುವುದು ಕುಕ್ಕರಿನಲ್ಲಿ, ಬಸಿಯುವ ಮಾತೇ ಇಲ್ಲ. ಆದರೆ ಹೌಸಿಂಗ್‌ನ ಉಳಿದವರೆಲ್ಲ ಬಸಿಯುವವರೇ.

ಭಾನುವಾರ ಮಧ್ಯಾಹ್ನ ಅಡುಗೆಮನೆ ಕಿಟಕಿಗಳ ಕೆಳಗಿನ ಓಣಿಯಲ್ಲಿ ಕೊಡೆ ಹಿಡಿದು ನಿಂತೆ. ಬೆಕ್ಕುಗಳು ಆಗಲೇ ಸೇರಿದ್ದವು. ಮೊದಲ ಮಹಡಿಯ ಕಿಟಕಿಯಲ್ಲಿ ಪಾತ್ರೆಯೊಂದು ಬಗ್ಗಿತು. ಅವುಗಳ ಮೇಲೆ ಕೊಡೆ ಚಾಚಿದೆ. ಹಬೆಯಾಡುವ ಗಂಜಿ ಕೊಡೆಯ ಮೇಲಿಂದ ಇಳಿಯಿತು. "ತಿನ್ನಿ ಮಕ್ಕಳೇ, ತಿನ್ನಿ" ಅಂತ ಬಂಗಾಳಿಯಲ್ಲಿ ಯಾರೋ ಮುದ್ದು ಮಾಡುತ್ತಿದ್ದರು.

ಬೈಯಲೆಂದೇ ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದದ್ದು ನಾವೆಲ್ಲ ಮಾಶಿಮಾ ಎನ್ನುವ ಪ್ರಫುಲ್ಲಾ ಅಜ್ಜಿ. ಕಣ್ಣಿಗೆ ಪೊರೆ, ಮಂಡಿಗೆ ನೋವು. ಬೆಕ್ಕು ಷಷ್ಠೀದೇವಿಯ ವಾಹನ, ಹಸಿದಿರಬಾರದು ಅಂತ ಮೊದಲೆಲ್ಲ ಆರಿದ ಗಂಜಿಯನ್ನು ಕೆಳಗಿಳಿದು ಇಡುತ್ತಿದ್ದರಂತೆ. ಇಳಿಯಲಾಗದ ಮೇಲೆ, ಕೆಳಗೆ ಬೀಳುವಷ್ಟರಲ್ಲಿ ಆರುತ್ತದೆ ಅಂದುಕೊಂಡು ಬಸಿದ ಕೂಡಲೇ ಕಿಟಕಿಯಿಂದ ಸುರಿಯುತ್ತಿದ್ದರು. ಅವು ಅರಚಿದರೆ, ಸಾಲದೆಂದು ಕಿತ್ತಾಡುತ್ತಿವೆ ಅಂದುಕೊಳ್ಳುತ್ತಿದ್ದರು.

ಬೈಗುಳ ನುಂಗಿಕೊಂಡು, ಗಂಜಿಯಿಂದ ಬೆಕ್ಕುಗಳ ಬೆನ್ನು ಸುಟ್ಟದ್ದನ್ನೂ ತಪ್ಪು ವಿನಾಯಕನ ತಲೆಗೆ ಬಂದದ್ದನ್ನೂ ಮೆತ್ತಗೆ ಹೇಳಿದೆ. ಅಜ್ಜಿ ಬಿಕ್ಕಿ ಬಿಕ್ಕಿ ಅತ್ತರು. "ನಾನಾ ಮಗಳೇ? ನಾನಾ?"

ಅವರ ಅಳು ನೋಡಲಾರದೆ, "ಮೀಟಿಂಗಿನಲ್ಲಿ ನಿಮ್ಮ ಹೆಸರು ಹೇಳಲ್ಲ" ಅಂದುಬಿಟ್ಟೆ. ಇನ್ನು ಗಂಡನನ್ನು ಹೇಗೆ ಉಳಿಸಿಕೊಳ್ಳಲಿ ಅಂತ ಸಂಕಟಪಡುತ್ತಲೇ ಮನೆಗೆ ಬಂದೆ.

ಸಂಜೆ ಕೆಳಗಡೆ ಮೀಟಿಂಗ್ ಸೇರಿತು. ವಿಶ್ವನಾಥ ಬಾಬು ವಿನಾಯಕನ ಹೆಸರೆತ್ತುವಷ್ಟರಲ್ಲಿ ಎಲ್ಲರೂ ಮೆಟ್ಟಿಲ ಕಡೆ ತಿರುಗಿದರು. ಮಾಶಿಮಾ ಒಂದೊಂದೇ ಮೆಟ್ಟಿಲ ಮೇಲೆ ಕೂತು, ಜಾರಿಕೊಂಡು ಇಳಿಯುತ್ತಿದ್ದರು.

"ಆ ಹುಡುಗನನ್ನು ಬಿಡಿ. ಸುಟ್ಟವಳು ನಾನು. ಠಾಣೆಗೆ ನನ್ನನ್ನು ಕರೆದುಕೊಂಡು ಹೋಗಿ" ಅಂದು ನಡೆದದ್ದೆಲ್ಲ ಹೇಳಿದರು.

ವಿನಾಯಕನೇ ಹೋಗಿ ಅವರ ಪಕ್ಕ ಕೂತ. ಹರಕುಮುರುಕು ಬಂಗಾಳಿಯಲ್ಲಿ, "ಗಂಜಿ ಆರಿಸಿಡಿ ಮಾಶಿಮಾ. ಸಂಜೆ ಬಂದು ನಾನು ಕೆಳಗಿಡುತ್ತೇನೆ" ಅಂದ.

"ಅದಿರಲಿ. ಗಾಯಕ್ಕೆ ದಿನಾ ಮುಲಾಮು ಹಚ್ಚುವವರು ಯಾರು, ಅದನ್ನು ಮೊದಲು ಹೇಳಿ" ಅಂದರು ಮಾಶಿಮಾ.

ವಿಶ್ವನಾಥ ಬಾಬು ಮೆಲ್ಲಗೆ ಕೈ ಎತ್ತಿದರು.