ಮೀಟರಿನಲ್ಲಿ ನೂರು

ದೀಪ ಮಂಕಾಯಿತು. ನೀರಿನ ಪಂಪು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಒಲೆಯ ಪಕ್ಕದ ಬ್ಯಾಟರಿ ಮೀಟರು ಮಾತ್ರ ನೂರು ಪರ್ಸೆಂಟ್ ಎಂದು ಹಲ್ಲು ಕಿರಿಯುತ್ತಿತ್ತು.

"ರೀ, ನಿಮ್ಮ ಮೀಟರು ಸುಳ್ಳು ಬೊಗಳ್ತಿದೆ," ಎಂದೆ.

ನಮ್ಮ ಯಜಮಾನರು ಬೋಟುಗಳಿಗೆ ವೈರಿಂಗ್ ಮಾಡುವವರು. ಬೋಟು ಕಟ್ಟುವ ದಕ್ಕೆಯಲ್ಲಿ ಎಲ್ಲರಿಗೂ ಸರ್ಕ್ಯೂಟಣ್ಣ. ಊರವರ ಬೋಟು ರಿಪೇರಿ ಮಾಡುವವರ ಸ್ವಂತ ಬೋಟು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ನಾನು ಹಾಯಿ ಹೊಲಿಯುವವಳು. ಮನೆ ಮಾರಿದ ಮೇಲೆ ಈ ಹಾಯಿದೋಣಿಯಲ್ಲೇ ನಮ್ಮ ಸಂಸಾರ. ಬೆಳಗಾದರೆ ಹೊರಡಬೇಕಿತ್ತು. ಸಮುದ್ರದಾಚೆಯ ದ್ವೀಪದಲ್ಲಿ ಮಗಳಿಗೆ ಚೊಚ್ಚಲ ಹೆರಿಗೆ, ದಿನ ತುಂಬಿದೆ. ದುಡಿಯಲು ಹೋದ ಅಳಿಯ ಇನ್ನೂ ಬಂದಿಲ್ಲ. ಮಳೆಗಾಲಕ್ಕೆ ಮುಂಚೆ ಅಲ್ಲಿಗೆ ಹೋಗುವ ಕೊನೆಯ ಹಡಗನ್ನು, ನಮ್ಮದೇ ಬೋಟಿದೆಯಲ್ಲ ಎಂಬ ಜಂಬದಲ್ಲಿ ಬಿಟ್ಟಿದ್ದೆವು.

"ಎಲ್ಲೋ ವೈರು ಸಡಿಲ ಆಗಿರ್ಬೇಕು, ಬಿಡು," ಎಂದರು, ನನ್ನ ಮುಖ ನೋಡದೆ.

ಬಿಡುವ ಜಾಯಮಾನ ನನ್ನದಲ್ಲ. ಎಲ್ಲವನ್ನೂ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ಮಂಚದಡಿ ಬ್ಯಾಟರಿಗಳ ಮೇಲಿನ ಹಲಗೆ ಎತ್ತಿದೆ. ಇವರ ಜೊತೆ ಬಾಳಿದ್ದಕ್ಕೆ ಅಷ್ಟಾದರೂ ಬರುತ್ತದೆ. ತುಂಬಿದ ಬ್ಯಾಟರಿ ಹನ್ನೆರಡೂ ಮುಕ್ಕಾಲು ವೋಲ್ಟಿನ ಹತ್ತಿರ ತೋರಿಸಬೇಕು. ಮೊದಲನೆಯದು ಹನ್ನೊಂದೂ ಮುಕ್ಕಾಲು, ಅಂದರೆ ಪೂರ್ತಿ ಖಾಲಿ. ಉಳಿದವೂ ಅಷ್ಟೇ. ಚಾರ್ಜರಿನ ಸೆಟ್ಟಿಂಗ್ ನೋಡಿದೆ. ಹದಿನಾಲ್ಕು ವೋಲ್ಟ್ ದಾಟಿಸಬೇಕಾದದ್ದನ್ನು ಹದಿಮೂರೂವರೆಗೆ ಇಳಿಸಿಟ್ಟಿತ್ತು. ಇಷ್ಟು ದಿನವೂ ಬ್ಯಾಟರಿಗಳಿಗೆ ಅರೆಹೊಟ್ಟೆ.

"ಇದನ್ನ ಯಾರು ಇಳಿಸಿದ್ದು?"

"ಒಂದು ಬ್ಯಾಟರಿ ಬಿಸಿ ಆಗ್ತಿತ್ತು ಕಣೇ. ಅದನ್ನ ಬದಲಾಯಿಸೋ ತನಕ ಇರ್ಲಿ ಅಂತ ನಾನೇ ಇಳಿಸ್ದೆ. ಬದಲಾಯಿಸ್ದೆ, ಆದ್ರೆ ಇದನ್ನ ಏರಿಸೋದು ಮರ್ತುಬಿಟ್ಟೆ. ನೆನಪಾಗೋ ಹೊತ್ತಿಗೆ ಎಲ್ಲಾ ಕೆಟ್ಟುಹೋಗಿತ್ತು. ಈಗ ಎಷ್ಟು ಚಾರ್ಜ್ ಕೊಟ್ರೂ ಹಿಡಿದಿಟ್ಕೊಳ್ಳಲ್ಲ."

"ಮತ್ತೆ ದಿನಾ ನೂರು ತೋರಿಸ್ತಿತ್ತಲ್ಲ?"

ಮೀಟರಿನ ಪಕ್ಕದ ಗುಂಡಿಯತ್ತ ಕೈ ತೋರಿಸಿದರು. ಬ್ಯಾಟರಿ ನಿಜವಾಗಿ ತುಂಬಿದಾಗ ಅದನ್ನು ಒತ್ತಿ, ಇಲ್ಲಿಗೆ ನೂರು ಎಂದು ಹೇಳಿಕೊಡಬೇಕು. ಒಳಗೆ ಇಣುಕಿ ನೋಡುವ ಶಕ್ತಿ ಮೀಟರಿಗಿಲ್ಲ. ಹೇಳಿದ್ದನ್ನು ನಂಬುತ್ತದೆ, ನನ್ನ ಹಾಗೆ.

"ನೀನು ಏಳೋಕೆ ಮುಂಚೆ ದಿನಾ ಒತ್ತಿಡ್ತಿದ್ದೆ. ಎದ್ದ ತಕ್ಷಣ ನೀನು ನೋಡೋದು ಅದನ್ನೇ. ನೂರು ಇದ್ರೆ ನೀನು ಹಾಡ್ಕೊಂಡು ಚಹಾ ಮಾಡ್ತಿದ್ದೆ. ಹೊಸ ಬ್ಯಾಟರಿಗೆ ಹೇಳಿದ್ದೆ, ಹೊರಡೋ ಅಷ್ಟರಲ್ಲಿ ಬರುತ್ತೆ ಅಂದ್ಕೊಂಡೆ. ಬರ್ಲಿಲ್ಲ."

ಮೈಯೆಲ್ಲ ಉರಿದುಹೋಯಿತು. "ಹಡಗು ಹೊರಟ ದಿನಾನೂ ಒತ್ತಿದ್ರಾ? ನನ್ನೊಬ್ಬಳನ್ನಾದ್ರೂ ಹತ್ತಿಸಬಾರದಿತ್ತಾ?"

ತಲೆ ಮೇಲೆ ಕೈ ಹೊತ್ತು ಕೂತರು. ಒತ್ತಿದ್ದರು.

"ಇಂಜಿನ್ ಹಾಕ್ಕೊಂಡೇ ಹೋಗೋಣ," ಎಂದೆ. ಆ ದೂರಕ್ಕೆ ಬೇಕಾಗುವ ಡೀಸೆಲ್ ಈ ಬೋಟಿನಲ್ಲಿ ಹಿಡಿಯುವುದಿಲ್ಲವೆಂದು ನನಗೂ ಗೊತ್ತು. ಬೋಟಿನ ತಳದಲ್ಲಿ ಸದಾ ನೀರು ಜಿನುಗುತ್ತದೆ. ಬ್ಯಾಟರಿ ಕೈಕೊಟ್ಟರೆ ಅದನ್ನು ಹೊರಹಾಕುವ ಪಂಪೂ ನಿಲ್ಲುತ್ತದೆ. ಬಕೆಟ್ಟಿನಲ್ಲಿ ನೀರು ಎತ್ತಿಹಾಕುತ್ತ ಸಮುದ್ರ ದಾಟುವ ವಯಸ್ಸೇ ನಮ್ಮದು? ಹೊಸ ಬ್ಯಾಟರಿ ಬರುವಷ್ಟರಲ್ಲಿ ಗಾಳಿ ತಿರುಗಿ ಹಾಯಿದೋಣಿಗೆ ದಾರಿ ಮುಚ್ಚಿರುತ್ತದೆ.

ಮಗಳಿಗೆ ಫೋನ್ ಮಾಡಿದೆ.

"ಅಮ್ಮಾ, ಹೊರಟ್ರಾ?" ಎಂದಳು, ನಾನು ಬಾಯಿ ತೆರೆಯುವ ಮೊದಲೇ.

ಬ್ಯಾಟರಿ ಕೆಟ್ಟಿದೆ, ಬರಲಾಗುವುದಿಲ್ಲ ಎಂದು ಹೇಳಿದೆ. ಅಪ್ಪನ ಗುಂಡಿಯ ವಿಷಯ ಮಾತ್ರ ನುಂಗಿಕೊಂಡೆ. ಅವಳು ಫೋನು ದೂರ ಹಿಡಿದಳೆಂದು ಗೊತ್ತಾಯಿತು. ಚಿಕ್ಕಂದಿನಿಂದಲೂ ಅಳುವಾಗ ಬಾಗಿಲ ಹಿಂದೆ ಹೋಗಿ ನಿಲ್ಲುವವಳು.

ಮತ್ತೆ ಬಂದಾಗ ದನಿ ಒರೆಸಿಕೊಂಡಿತ್ತು. "ಹೋಗ್ಲಿ ಬಿಡಮ್ಮ. ಪಕ್ಕದ ಮನೆಯವರು ಇದ್ದಾರೆ. ನಾನು ಚೆನ್ನಾಗೇ ಇದ್ದೀನಿ, ಒಂಚೂರೂ ಭಯ ಇಲ್ಲ. ನೀನು ನಿದ್ದೆ ಮಾಡು."

ಅಪ್ಪನ ಮಗಳು. ನನಗೋಸ್ಕರ ಗುಂಡಿ ಒತ್ತುತ್ತಿದ್ದಾಳೆ.

"ಹಾಗಿದ್ರೆ ಸರಿ ಕಂದಾ," ಎಂದೆ. ಅವಳಲ್ಲಿ ಎಷ್ಟು ಧೈರ್ಯ ಉಳಿದಿದೆ ಎಂದು ಕೈಹಿಡಿದು ನೋಡಲು ನಾನು ಅಲ್ಲಿರುವುದಿಲ್ಲ.